ಡಯಲ್ ಇಲ್ಲದ ಫೋನು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಸತ್ತವನೊಬ್ಬನ ದನಿಯಲ್ಲಿ ನಮ್ಮ ಮೇಡಂಗೆ ಫೋನು ಮಾಡಿದವನು ನಾನೇ. ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಪಂಥ ಕಟ್ಟಿರಲಿಲ್ಲ, ಕುಡಿದೂ ಇರಲಿಲ್ಲ. ಮಧ್ಯಾಹ್ನ ಎರಡು ಗಂಟೆ. ಹೊಟ್ಟೆಯಲ್ಲಿದ್ದದ್ದು ಚೀಸ್ ಇಟ್ಟ ಎರಡು ತಣ್ಣನೆಯ ಬ್ರೆಡ್ಡು. ನೆದರ್ಲೆಂಡ್ಸಿನಲ್ಲಿ ಅದನ್ನು ಊಟ ಅನ್ನುತ್ತಾರೆ. ‘ಅಷ್ಟ ತಿಂದಾಂವಗ ಇಷ್ಟ ಕೊಬ್ಬ ಎಲ್ಲಿಂದ ಬಂತಲೇ?’ ಎಂದು ನನ್ನ ಧಾರವಾಡದ ರೂಮ್‌ಮೇಟ್ ಆಮೇಲೆ ಕೇಳಿದ.

ಅನುಕರಣೆ ನನಗೆ ಕಲೆಯಲ್ಲ, ತುರಿಕೆ. ದಾವಣಗೆರೆಯಲ್ಲಿ ಹೈಸ್ಕೂಲು ಓದುವಾಗ ಹೆಡ್‌ಮಾಸ್ತರರ ದನಿಯಲ್ಲಿ ಪಕ್ಕದ ಕ್ಲಾಸಿಗೆ ರಜೆ ಘೋಷಿಸಿದ್ದೆ. ಘೋಷಿಸಿ ತಿರುಗಿದರೆ ಹೆಡ್‌ಮಾಸ್ತರರು ಹಿಂದೆಯೇ ನಿಂತಿದ್ದರು. ‘ಚೆನ್ನಾಗಿ ಮಾಡ್ತೀಯ, ಆದ್ರೆ ನನ್ ಮೂಗು ಅಷ್ಟು ಕಟ್ಟಿರಲ್ಲ’ ಅಂದು ಕಿವಿ ಹಿಂಡಿದರು. ಪಿಯುಸಿಯ ಫಿಸಿಕ್ಸ್ ಲೆಕ್ಚರರು, ಎದುರು ಮನೆಯ ವಕೀಲರು, ಸ್ವಂತ ಅಜ್ಜಿ, ಯಾರನ್ನೂ ಬಿಟ್ಟವನಲ್ಲ. ಇಲ್ಲಿಗೆ ಬಂದ ಮೇಲೆ ರೈಲು ತಡವೆಂದು ಪ್ರಕಟಿಸುವ ಹೆಂಗಸು ಸಿಕ್ಕಳು. ಗೆಮೆಂಟೆಯಲ್ಲಿ, ಅಂದರೆ ಇಲ್ಲಿನ ಪುರಸಭೆಯಲ್ಲಿ, ‘ಅಪಾಯಿಂಟ್‌ಮೆಂಟ್ ಇದೆಯಾ?’ ಎಂದು ಮೇಲಿನಿಂದ ಬಗ್ಗಿ ಕೇಳುವ ಆರೂವರೆ ಅಡಿಯ ಮನುಷ್ಯ ಸಿಕ್ಕ. ನನ್ನದೇ ದನಿ ಯಾವುದೆಂದು ಯಾರಾದರೂ ಕೇಳಿದರೆ ಮಾತ್ರ ತಡಬಡಾಯಿಸುತ್ತೇನೆ.

ಈ ವಿದ್ಯೆಯ ಗುಟ್ಟು ಒಂದೇ. ದನಿ ಹಿಡಿಯುವುದು ಸುಲಭ. ಮಾತಿನ ನಡುವೆ ಆತ ಎಲ್ಲಿ ಸುಮ್ಮನಾಗುತ್ತಾನೆ, ಎಷ್ಟು ಹೊತ್ತು ಸುಮ್ಮನಿರುತ್ತಾನೆ ಎನ್ನುವುದನ್ನು ಹಿಡಿಯುವುದು ಕಷ್ಟ. ಆ ಬಿಡುವು ಸಿಕ್ಕಿತೋ, ಆಸಾಮಿ ಸಿಕ್ಕ ಹಾಗೆ.

ನಾನು ಕೆಲಸ ಮಾಡುತ್ತಿದ್ದುದು ಟಿಲ್‌ಬರ್ಗಿನ ಒಂದು ಪುಟ್ಟ ಸಂಶೋಧನಾ ಕೇಂದ್ರದಲ್ಲಿ. ಹಳೆಯ ಉಣ್ಣೆ ಗಿರಣಿಯ ಕಟ್ಟಡ. ಒಳಗೆಲ್ಲ ಗಾಜಿನ ಗೋಡೆ, ಕಾಫಿ ಯಂತ್ರ, ಸೈಕಲ್ ಹೆಲ್ಮೆಟ್ಟು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಸ್ವತಂತ್ರವಾದ ದೇಶವೊಂದರಲ್ಲಿ ಆರ್ಥಿಕ ನೀತಿ ರೂಪಿಸುವ ಪದ್ಧತಿಯನ್ನೇ ತಿದ್ದುವುದು ಹೇಗೆ ಎಂಬುದು ನಮ್ಮ ಯೋಜನೆ. ಅಮ್ಮ ಇದನ್ನು ಪಕ್ಕದ ಮನೆಯವರಿಗೆ ‘ಬೇರೆ ದೇಶದ ಸರ್ಕಾರ ರಿಪೇರಿ ಮಾಡ್ತಾನೆ’ ಎಂದು ವಿವರಿಸಿದ್ದಳು. ‘ನಮ್ದು ಯಾವಾಗ ಮಾಡ್ತಾನಂತೆ?’ ಎಂದು ಅವರು ಕೇಳಿದರಂತೆ.

ರಿಪೇರಿಯ ಮುಖ್ಯಸ್ಥೆ ನಮ್ಮ ಮೇಡಂ. ಅದೇ ದೇಶದವರು, ಅರವತ್ತು ದಾಟಿತ್ತು. ಇಪ್ಪತ್ತೈದು ವರ್ಷದಿಂದ ಇಲ್ಲಿದ್ದರೂ ಸೈಕಲ್ ಮೇಲೆ ಕೂತಾಗ ಇನ್ನೂ ಯಾರದೋ ಸೈಕಲ್ ಕದ್ದು ತಂದವರ ಹಾಗೆ ಕಾಣುತ್ತಿದ್ದರು. ಇಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾರೆ. ನನಗೆ ನಾಲಿಗೆ ಏಳಲಿಲ್ಲ, ಮೇಡಂ ಎಂದೇ ಕರೆದೆ. ‘ಹಾಗೆ ಕರೆದರೆ ಯಾರೋ ಫೈಲು ಹಿಡಿದು ಮುಂದೆ ನಿಂತ ಹಾಗನ್ನಿಸುತ್ತೆ’ ಎಂದು ಅವರು ನಕ್ಕಿದ್ದರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆದದ್ದು. ನನ್ನೊಳಗೆ ಮಾತ್ರ ಅದು ಕನ್ನಡವಾಗಿಯೇ ಉಳಿದಿದೆ, ಹಾಗೆಯೇ ಬರೆಯುತ್ತೇನೆ.

ಮೇಡಂ ನಿವೃತ್ತಿಗೆ ಕೆಲವೇ ವಾರ ಉಳಿದಿತ್ತು. ಅಷ್ಟರಲ್ಲಿ ಅವರ ಪುಸ್ತಕ ಮುಗಿಯಬೇಕಿತ್ತು. ಅದು ಆ ದೇಶದ ಯುವ ಅಧಿಕಾರಿಗಳಿಗೆಂದು ಬರೆದ ಕೈಪಿಡಿ. ಮುಂದಿನ ವರ್ಷ ಬೆಲೆ ಎಷ್ಟು ಏರಬಹುದೆಂದು ಅಂದಾಜು ಮಾಡುವುದು ಹೇಗೆ, ಅದನ್ನು ಸರ್ಕಾರದ ಮುಂದಿಡುವುದು ಹೇಗೆ, ಮುಖ್ಯವಾಗಿ, ಆ ಅಂದಾಜನ್ನು ಮೇಲಿನವರ ಕೈಯಿಂದ ಕಾಪಾಡುವುದು ಹೇಗೆ. ಇಷ್ಟೂ ಸುಧಾರಣೆಯ ತಿರುಳು ಒಂದೇ ನಿಯಮ: ಸಂಖ್ಯೆ ಬದಲಾಗಬೇಕಾದರೆ, ಬದಲಾಯಿಸು ಎಂದವರು ಅದನ್ನು ಬರೆದು, ಕೆಳಗೆ ಹೆಸರು ಹಾಕಿ ಕಳಿಸಬೇಕು.

‘ಇಷ್ಟೇನಾ ಮೇಡಂ?’ ಎಂದಿದ್ದೆ.

‘ಇಷ್ಟೇ. ಇದಕ್ಕೇ ನನ್ನ ಕೂದಲು ಬೆಳ್ಳಗಾದದ್ದು.’

ಎಂಟು ಅಧ್ಯಾಯಗಳ ಪುಸ್ತಕದಲ್ಲಿ ಏಳು ಸಿದ್ಧವಾಗಿದ್ದವು. ನಾಲ್ಕನೆಯದಕ್ಕೆ ತಲೆಬರಹವೊಂದೇ ಇತ್ತು: ‘ಅಂದಾಜು ಹೇಗೆ ಬದಲಾಗುತ್ತದೆ: ಒಂದು ಉದಾಹರಣೆ’. ಮೇಡಂ ಅದನ್ನು ಹತ್ತಾರು ಸಲ ಬರೆದು ಅಳಿಸಿದ್ದರು. ಒಂದು ಕರಡನ್ನು ನನಗೆ ಓದಲು ಕೊಟ್ಟಿದ್ದರು. ಅದರಲ್ಲಿ ಒತ್ತಡವಿತ್ತು, ಪರಿಸ್ಥಿತಿಯಿತ್ತು, ಸಂಸ್ಥೆಗಳಿದ್ದವು, ಮನುಷ್ಯರು ಮಾತ್ರ ಇರಲಿಲ್ಲ. ‘ಮೇಡಂ, ಇದು ದೆವ್ವಗಳು ನಡೆಸಿದ ಸಚಿವಾಲಯದ ಹಾಗಿದೆ’ ಎಂದು ನಾನು ತಮಾಷೆ ಮಾಡಿದ್ದೆ. ಅವರು ನಗಲಿಲ್ಲ. ಹಾಳೆ ತಿರುಗಿಸಿಟ್ಟರು. ಆ ಅಧಿಕಾರಿಗಳಿಗೆ ನಾವು ನಡೆಸಲಿದ್ದ ತರಬೇತಿ ಮುಗಿಯುವುದರೊಳಗೆ ನಾಲ್ಕನೆಯದು ಬಾರದಿದ್ದರೆ ಅದನ್ನು ಬಿಟ್ಟೇ ಅಚ್ಚಿಗೆ ಕಳಿಸುವುದು ಎಂದು ಕೇಂದ್ರದ ನಿರ್ದೇಶಕರು ಹೇಳಿಯಾಗಿತ್ತು. ಇಲ್ಲಿನವರು ಹಾಗೆಯೇ, ಮುಖ ನೋಡಿ ಹೇಳಿ, ಪಕ್ಕದಲ್ಲೇ ನಿಂತು ಕಾಫಿ ಕುಡಿಯುತ್ತಾರೆ.

ನನ್ನ ಪಾಲಿನ ಕೆಲಸ ಕ್ಯಾಸೆಟ್ಟುಗಳದು. ಆ ದೇಶದ ಸಚಿವಾಲಯದ ಮೂವತ್ತು ವರ್ಷ ಹಿಂದಿನ ಸಭೆಗಳ ಧ್ವನಿಮುದ್ರಿಕೆಗಳು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ನಮಗೆ ಬಂದಿದ್ದವು. ಅವನ್ನು ಕಂಪ್ಯೂಟರಿಗೆ ಇಳಿಸಿ, ಗರಗರ ಶಬ್ದ ತೆಗೆದು, ಯಾರೋ ಮಾಡಿಟ್ಟ ಇಂಗ್ಲಿಷ್ ಅನುವಾದಕ್ಕೆ ಯಾವ ನಿಮಿಷದಲ್ಲಿ ಯಾರ ಮಾತು ಎಂದು ಹೊಂದಿಸಬೇಕು. ಭಾಷೆ ನನಗೆ ಬಾರದು. ಬಾರದ ಭಾಷೆಯನ್ನು ದಿನಕ್ಕೆ ಆರು ಗಂಟೆ ಕೇಳುವವನಿಗೆ ಉಳಿಯುವುದು ದನಿಯೊಂದೇ.

ಆ ದನಿಗಳ ನಡುವೆ ಒಬ್ಬನಿದ್ದ. ಉಪಮಂತ್ರಿ. ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆತ ಗದರುತ್ತಿರಲಿಲ್ಲ, ಮೇಜು ಗುದ್ದುತ್ತಿರಲಿಲ್ಲ. ಯಾರಾದರೂ ವರದಿ ಓದಿ ಮುಗಿಸಿದರೆ ಎರಡು ಸಲ ಸಣ್ಣಗೆ ಕೆಮ್ಮುತ್ತಿದ್ದ. ಮೂಗಿನಿಂದ ಉದ್ದನೆಯ ಉಸಿರು. ಆಮೇಲೆ, ‘ನಿಮ್ಮ ಕಾಗದ ನೋಡಿದೆ. ಇನ್ನೊಮ್ಮೆ ಯೋಚಿಸಿ.’ ಎಲ್ಲರಿಗೂ ಅದೇ ಎರಡು ವಾಕ್ಯ. ಅದಾದ ಮೇಲೆ ಸುಮ್ಮನಾಗುತ್ತಿದ್ದ. ಆ ಸುಮ್ಮನಿರುವಿಕೆಯೇ ಅವನ ಅಸಲು ಕಸುಬು. ಟೇಪು ಓಡುತ್ತಲೇ ಇರುತ್ತದೆ, ಕುರ್ಚಿ ಕಿರುಗುಟ್ಟುತ್ತದೆ, ಯಾರೋ ನೀರು ಕುಡಿಯುತ್ತಾರೆ, ಕೊನೆಗೆ ವರದಿ ಓದಿದವರೇ ಏನೋ ಒಂದು ಕಡಿಮೆ ಮಾಡಿ ಹೇಳುತ್ತಾರೆ.

ಹೆಡ್‌ಫೋನಿನೊಳಗೆ ಆ ಮೌನ ಕೇಳಿಸಿಕೊಂಡಾಗ, ಪಾಪಿ ನಾನು, ನನಗೆ ಆದದ್ದು ಸಂತೋಷ. ಇಂಥ ಬಿಡುವು ನನಗೆ ಯಾವತ್ತೂ ಸಿಕ್ಕಿರಲಿಲ್ಲ.

ಎರಡು ಕ್ಯಾಸೆಟ್ಟುಗಳಲ್ಲಿ ಮೇಡಂ ದನಿಯೂ ಇತ್ತು. ಆಗ ಅವರಿಗೆ ಈಗಿನ ನನ್ನ ವಯಸ್ಸು. ಮೊದಲನೆಯದರಲ್ಲಿ ಬೆಲೆ ಶೇಕಡಾ ಎಷ್ಟು ಏರುತ್ತದೆಂಬ ಅಂದಾಜು ಓದುತ್ತಾರೆ: ಮೂರಂಕಿಯ ಸಂಖ್ಯೆ. ದನಿಯಲ್ಲಿ ನಡುಕವಿಲ್ಲ, ಸ್ವಲ್ಪ ಜಂಬವೂ ಇದೆ. ಮುಂದಿನ ವಾರದ್ದರಲ್ಲಿ ಅದೇ ಅಂದಾಜನ್ನು ಮತ್ತೆ ಓದುತ್ತಾರೆ: ಎರಡಂಕಿ. ನಡುವೆ ಚರ್ಚೆಯಿಲ್ಲ, ಜಗಳವಿಲ್ಲ, ಒಂದು ಚೀಟಿಯೂ ಇಲ್ಲ.

‘ಈ ಎರಡರ ಮಧ್ಯೆ ಏನಾಯ್ತು ಮೇಡಂ?’ ಎಂದು ಕೇಳಿದೆ.

‘ಒಂದು ವಾರ ಆಯ್ತು’ ಅಂದರು.

ಅಲ್ಲಿಗೆ ಬಿಡಬೇಕಿತ್ತು. ಆದರೆ ನನಗೆ ಆಗಲೇ ಅವನ ರುಚಿ ಹತ್ತಿತ್ತು. ಸೈಕಲ್ ತುಳಿಯುತ್ತ ಎದುರುಗಾಳಿಗೆ ಆ ಎರಡು ವಾಕ್ಯ ಹೇಳುತ್ತಿದ್ದೆ. ಅರ್ಥ ಗೊತ್ತು, ಪದ ಯಾವುದೆಲ್ಲಿ ಮುಗಿಯುತ್ತದೆಂದು ಗೊತ್ತಿಲ್ಲ; ರಾಗದ ಹಾಗೆ ಬಾಯಿಪಾಠ. ಒಂದು ದಿನ ಸೂಪರ್‌ಮಾರ್ಕೆಟ್ಟಿನಲ್ಲಿ ಕ್ಯಾಷಿಯರ್ ಹುಡುಗಿ ಬೊನ್ನೆಚೆ, ಅಂದರೆ ರಸೀದಿ, ಬೇಕಾ ಎಂದು ಕೇಳಿದಳು. ಎರಡು ಸಲ ಕೆಮ್ಮಿ, ಮೂಗಿನಿಂದ ಉಸಿರು ಬಿಟ್ಟು ಸುಮ್ಮನೆ ನೋಡಿದೆ. ಬೇಕೆಂದು ಮಾಡಿದ್ದಲ್ಲ. ಅವಳು ರಸೀದಿ ಕೊಟ್ಟಳು, ಸಾರಿ ಅಂದಳು, ಅಂಟಿಸಿಕೊಳ್ಳುವ ರಿಯಾಯಿತಿ ಸ್ಟಾಂಪುಗಳನ್ನು ಒಂದಿಷ್ಟು ಹೆಚ್ಚಿಗೆ ಕೊಟ್ಟಳು.

ಇದನ್ನು ಹೇಳಿಕೊಂಡು ನಕ್ಕಾಗ ರೂಮ್‌ಮೇಟ್ ರೊಟ್ಟಿ ಬೇಯಿಸುವುದನ್ನು ನಿಲ್ಲಿಸಿದ. ಅವನು ಊರಾಚೆಯ ಗೋದಾಮು ಕಂಪನಿಯೊಂದರಲ್ಲಿ ಲೆಕ್ಕವಿಲ್ಲದಷ್ಟು ಡಬ್ಬಿಗಳು ಎಲ್ಲಿಗೆ ಹೋಗಬೇಕೆಂದು ಕಂಪ್ಯೂಟರಿಗೆ ಹೇಳುವವನು. ದೇವರು ದೆವ್ವ ಎರಡನ್ನೂ ನಂಬದವನು.

‘ನಗಬ್ಯಾಡಲೇ. ನೀ ಅಂವನ್ನ ಹಿಡದಿ ಅಂತ ತಿಳಕೊಂಡಿ. ಅಂವಾ ನಿನ್ನ ಹಿಡದಾನ. ಗಂಟಲದಾಗ ಮನಿ ಮಾಡ್ಯಾನ.’

‘ಬಾಡಿಗೆ ಕೊಡ್ತಾನಾ ಕೇಳ್ತೀನಿ ಬಿಡು.’

‘ಟಿಲ್‌ಬರ್ಗಿನ್ಯಾಗ ಬಾಡಿಗಿ ಮನಿ ಸಿಗಲಾರದಕ್ಕ ನಿನ್ನ ಗಂಟಲಕ್ಕ ಬಂದಾನ ಪಾಪ’ ಎಂದು ಅವನೂ ನಕ್ಕ. ರೊಟ್ಟಿ ಹೊತ್ತಿತ್ತು.

ತರಬೇತಿಗೆ ಆರು ಮಂದಿ ಯುವ ಅಧಿಕಾರಿಗಳು ಬರುವವರಿದ್ದರು. ಅದರಲ್ಲೊಂದು ಅಭ್ಯಾಸವಿತ್ತು, ‘ಮಂತ್ರಿಯ ಕರೆ’ ಎಂದು ಅದರ ಹೆಸರು. ಅಧಿಕಾರಿ ತನ್ನ ಅಂದಾಜಿನ ಹಾಳೆ ಹಿಡಿದು ಒಂದು ಕೋಣೆಯಲ್ಲಿ ಕೂರಬೇಕು. ಫೋನು ಬರುತ್ತದೆ. ‘ಮಂತ್ರಿ’ ಸಂಖ್ಯೆ ಇಳಿಸಲು ಹೇಳುತ್ತಾನೆ. ಅಧಿಕಾರಿ ‘ದಯವಿಟ್ಟು ಬರೆದು ಕಳಿಸಿ’ ಅನ್ನಬೇಕು. ಮಂತ್ರಿ ನಾನು.

ಆ ದೇಶದ ಕಚೇರಿಗಳಲ್ಲಿ ಹಿಂದೆ ವಿಭಾಗದ ಮುಖ್ಯಸ್ಥರ ಮೇಜಿನ ಮೇಲೆ ಡಯಲ್ ಇಲ್ಲದ ಒಂದು ಫೋನು ಇರುತ್ತಿತ್ತು ಎಂದು ಮೇಡಂ ವಿವರಿಸಿದ್ದರು. ಮೇಲಿನಿಂದ ಕೆಳಕ್ಕೆ ಮಾತ್ರ ಬರುವ ಕರೆ. ಇಲ್ಲಿಂದ ಯಾರಿಗೂ ಮಾಡುವಂತಿಲ್ಲ. ಅದು ಹೊಡೆದುಕೊಂಡಾಗ ಎಲ್ಲರೂ ಎದ್ದು ನಿಲ್ಲಬೇಕು. ನಿಯಮವೇನಲ್ಲ, ರೂಢಿ. ಕೋಣೆಯಲ್ಲಿ ಒಬ್ಬರೇ ಇದ್ದರೂ ನಿಂತೇ ಮಾತಾಡುವುದು. ಹೆಗಲಲ್ಲಿ ಫೋನು ಸಿಕ್ಕಿಸಿಕೊಂಡು, ಕಾಲು ಚಾಚಿಕೊಂಡು ಮಾತಾಡುವ ಡಚ್ಚರ ನಡುವೆ ಬದುಕುತ್ತಿದ್ದ ನನಗೆ ಇದು ಭಾರಿ ತಮಾಷೆಯಾಗಿ ಕಂಡಿತು. ಹಳೆ ಸಾಮಾನಿನ ಅಂಗಡಿಯಿಂದ ಎರಡು ಕಪ್ಪು ಫೋನು ತಂದೆ. ಕಟ್ಟಡದ ಎಲೆಕ್ಟ್ರಿಷಿಯನ್ ಒಂದಕ್ಕೊಂದು ತಂತಿ ಎಳೆದು, ಗಂಟೆ ಹೊಡೆಸಲು ನನ್ನ ಕಡೆಯದಕ್ಕೊಂದು ಗುಂಡಿ ಕೂರಿಸಿಕೊಟ್ಟ. ಒಂದರ ಡಯಲ್ ಕಿತ್ತು ಆ ಜಾಗಕ್ಕೆ ರಟ್ಟು ಅಂಟಿಸಿದೆ. ಅಷ್ಟು ಮುತುವರ್ಜಿ ನನ್ನ ಪ್ರಬಂಧಕ್ಕೂ ತೋರಿಸಿರಲಿಲ್ಲ.

ಆ ಮಧ್ಯಾಹ್ನ ಮೇಡಂ ಅಭ್ಯಾಸದ ಕೋಣೆಯಲ್ಲಿ ಹಾಳೆಗಳನ್ನು ಜೋಡಿಸುತ್ತ ಕೂತಿದ್ದರು. ನಾನು ಪಕ್ಕದ ಕೋಣೆಯಲ್ಲಿ. ನಡುವೆ ಗಾಜಿನ ಗೋಡೆ. ಅವರ ಬೆನ್ನು, ಮೇಜಿನ ಒಂದು ಮೂಲೆ ಕಾಣುತ್ತಿತ್ತು. ‘ಒಂದ್ಸಲ ಟೆಸ್ಟ್ ಮಾಡು’ ಅಂದಿದ್ದರು. ಟೆಸ್ಟ್ ಮಾಡಿದೆ. ಗಂಟೆ ಹೊಡೆಯಿತು. ಮೇಡಂ ನಗುತ್ತಲೇ ಎತ್ತಿಕೊಂಡರು, ‘ಹೇಳಿ ಮಂತ್ರಿಗಳೇ’ ಅಂದರು.

ಎರಡು ಸಲ ಕೆಮ್ಮಿದೆ. ಉಸಿರು ಬಿಟ್ಟೆ. ‘ನಿಮ್ಮ ಕಾಗದ ನೋಡಿದೆ. ಇನ್ನೊಮ್ಮೆ ಯೋಚಿಸಿ’ ಎಂದು ಅವರ ಭಾಷೆಯಲ್ಲೇ, ಅವನ ದನಿಯಲ್ಲೇ ಹೇಳಿದೆ. ಆಮೇಲೆ ಸುಮ್ಮನಾದೆ.

ಗಾಜಿನಾಚೆ ಮೇಡಂ ಎದ್ದು ನಿಂತರು.

ಇಷ್ಟಕ್ಕೇ ನಕ್ಕುಬಿಟ್ಟಿದ್ದರೆ, ‘ನಾನೇ ಮೇಡಂ’ ಅಂದಿದ್ದರೆ, ಇದು ಹೇಳುವಂಥ ಕತೆಯೇ ಆಗುತ್ತಿರಲಿಲ್ಲ. ಆದರೆ ಬಿಡುವು ನನ್ನ ಕೈಯಲ್ಲಿರಲಿಲ್ಲ. ಅದು ತನ್ನಷ್ಟಕ್ಕೆ ಉದ್ದವಾಗುತ್ತಿತ್ತು. ನನಗೆ ನನ್ನ ಉಸಿರು ಕೇಳುತ್ತಿತ್ತು, ಅದು ನನ್ನದಾಗಿರಲಿಲ್ಲ. ಮೇಡಂ ಒಂದೇ ಒಂದು ಪದ ಹೇಳಿದರು. ಆ ಭಾಷೆಯಲ್ಲಿ ನನಗೆ ಗೊತ್ತಿದ್ದ ಹತ್ತಿಪ್ಪತ್ತು ಪದಗಳಲ್ಲಿ ಅದೊಂದು. ‘ಆಗಲಿ.’ ಎಡಗೈಯಲ್ಲಿ ಫೋನು ಹಿಡಿದು, ಬಲಗೈಯಲ್ಲಿ ಪೆನ್ಸಿಲ್ ಎತ್ತಿಕೊಂಡು, ಮೇಜಿನ ಮೇಲಿದ್ದ ಅಭ್ಯಾಸದ ಹಾಳೆಯ ಮೇಲೆ ಬಗ್ಗಿದರು. ಅಲ್ಲಿದ್ದ ಸಂಖ್ಯೆಯನ್ನು ಹೊಡೆದುಹಾಕಿದರು. ಪಕ್ಕದಲ್ಲಿ ಇನ್ನೊಂದು ಬರೆದರು.

ಆಮೇಲೆ ತಿರುಗಿ ಗಾಜಿನೊಳಗಿಂದ ನನ್ನನ್ನು ನೋಡಿದರು. ನನ್ನ ಬಾಯಿ ಇನ್ನೂ ನಗುವಿಗೆ ಸಿದ್ಧವಾದ ಆಕಾರದಲ್ಲೇ ಇತ್ತು.

ಬೈಯಲಿಲ್ಲ. ಫೋನನ್ನು ಮೆಲ್ಲಗೆ ಇಟ್ಟು, ಕೋಟು ಹಾಕಿಕೊಂಡು ಹೊರಟುಹೋದರು. ಸೈಕಲ್ಲು ಅಲ್ಲೇ ಉಳಿಯಿತು. ನಾನು ಒಳಗೆ ಹೋಗಿ ಹಾಳೆ ನೋಡಿದೆ. ಹೊಡೆದು ಹಾಕಿದ್ದು ಅಭ್ಯಾಸಕ್ಕೆಂದು ನಾನೇ ಕಟ್ಟಿದ ಸುಳ್ಳು ದೇಶವೊಂದರ ಸುಳ್ಳು ಸಂಖ್ಯೆ. ಪಕ್ಕದಲ್ಲಿ ಬರೆದದ್ದು ನಾನು ಕಟ್ಟಿದ್ದಲ್ಲ. ಅದನ್ನು ನಾನು ಎರಡನೇ ಕ್ಯಾಸೆಟ್ಟಿನಲ್ಲಿ ಕೇಳಿದ್ದೆ.

ಮೂರು ದಿನ ಮೇಡಂ ಬರಲಿಲ್ಲ. ಆ ಮೂರು ದಿನ ನಾನು ಯಾರನ್ನೂ ಅನುಕರಿಸಲಿಲ್ಲ, ಆದರೆ ಅದರಿಂದ ಉಪಯೋಗವಾಗಲಿಲ್ಲ. ಅವನಿಗೆ ನನ್ನ ಅಪ್ಪಣೆ ಬೇಕಿರಲಿಲ್ಲ. ಡಚ್ ಕ್ಲಾಸಿನಲ್ಲಿ ಟೀಚರು ಹೇಗಿದ್ದೀರಿ ಎಂದರೆ ಮೊದಲು ಬಂದದ್ದು ಆ ಎರಡು ಕೆಮ್ಮು. ಎಲ್ಲರೂ ನಕ್ಕರು. ಭಾನುವಾರ ಬೆಳಿಗ್ಗೆ ಅಮ್ಮ ಫೋನು ಮಾಡಿದಳು. ಏನು ಮಾತಾಡಲೂ ತೋಚದೆ ಸುಮ್ಮನಿದ್ದೆ.

‘ಊಟ ಮಾಡ್ತಿದೀಯೇನೋ?’

ಸುಮ್ಮನಿದ್ದೆ.

‘ಯಾಕೋ ಹಿಂಗೆ ಉಸಿರು ಬಿಡ್ತೀಯ? ಪಕ್ಕದಲ್ಲಿ ಯಾರಾದ್ರೂ ದೊಡ್ಡೋರು ಇದಾರಾ?’

ಬಿಡುವು ಬೆಳೆಯಿತು.

‘ಆಯ್ತಪ್ಪ, ಹೇಳ್ತೀನಿ. ಬಿಪಿ ಮಾತ್ರೆ ನಾಲ್ಕು ದಿನದಿಂದ ತಗೊಂಡಿಲ್ಲ ಕಣೋ. ಮರ್ತೆ ಅಂತ ಸುಳ್ಳು ಹೇಳಲ್ಲ, ಬೇಕೂಂತಲೇ ಬಿಟ್ಟೆ. ತಲೆ ಸುತ್ತುತ್ತೆ ಅದರಿಂದ. ನಿಮ್ಮಪ್ಪಂಗೆ ಹೇಳ್ಬೇಡ.’

ನಾನು ಕೇಳಿಯೇ ಇರಲಿಲ್ಲ. ಮೂವತ್ತು ವರ್ಷ ಹಿಂದೆ, ಏಳು ಗಡಿಯಾಚೆ, ಒಬ್ಬ ಮನುಷ್ಯ ಜನರನ್ನು ಬಗ್ಗಿಸಲು ಇಟ್ಟುಕೊಂಡಿದ್ದ ಮೌನವೊಂದು ದಾವಣಗೆರೆಯ ನಮ್ಮ ಅಡಿಗೆಮನೆಗೆ ಹೋಗಿ ಅಮ್ಮನ ಬಾಯಿ ಬಿಡಿಸಿ ಬಂದಿತ್ತು. ‘ಅಮ್ಮ, ಮಾತ್ರೆ ತಗೋ’ ಎಂದು ಹೇಗೋ ನನ್ನ ದನಿ ಹುಡುಕಿ ಹೇಳಿ ಫೋನು ಇಟ್ಟೆ.

ಸೋಮವಾರ ಮೇಡಂ ಕಡೆಯಿಂದ ಕ್ಯಾಲೆಂಡರಿಗೆ ಒಂದು ಆಹ್ವಾನ ಬಂತು: ‘ನಡಿಗೆ, ಮೂವತ್ತು ನಿಮಿಷ.’ ಈ ದೇಶದಲ್ಲಿ ಉಗಿಸಿಕೊಳ್ಳುವುದಕ್ಕೂ ಮುಂಗಡ ವೇಳೆ ಕೊಡುತ್ತಾರೆ. ಒಪ್ಪಿಗೆ ಒತ್ತಿದೆ.

ಕಾಲುವೆಯ ಪಕ್ಕ ನಡೆದೆವು. ಗಾಳಿಗೆ ಇಬ್ಬರ ಕಣ್ಣಲ್ಲೂ ನೀರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಎತ್ತಿದರು.

‘ಅವನು ಸತ್ತದ್ದು ನನಗೆ ಗೊತ್ತು. ಗೋರಿಗೆ ಹೋಗಿ ಹೂವಿಟ್ಟು ಬಂದವಳು ನಾನು. ಆದರೆ ನೋಡು, ಅದು ತಲೆಗೆ ಗೊತ್ತು. ಮೊಣಕಾಲಿಗೆ ಯಾರೂ ಹೇಳಿಲ್ಲ.’

ಆ ಎರಡು ಕ್ಯಾಸೆಟ್ಟುಗಳ ನಡುವಿನ ವಾರವನ್ನು ಅವರು ಆಗ ಹೇಳಿದರು. ಬೆಲೆಗಳ ಮೇಲಿನ ಸರ್ಕಾರದ ಹಿಡಿತ ಬಿಡುವ ನಿರ್ಧಾರವಾಗಿತ್ತು. ಬಿಟ್ಟರೆ ಏನಾಗುತ್ತದೆ ಎಂಬ ಅಂದಾಜು ಅವರದ್ದು. ವಿಭಾಗದ ಮುಖ್ಯಸ್ಥರು ರಜೆಯಲ್ಲಿದ್ದ ದಿನ ಡಯಲ್ ಇಲ್ಲದ ಫೋನು ಹೊಡೆದುಕೊಂಡಿತು. ಕೋಣೆಯಲ್ಲಿ ಇವರೊಬ್ಬರೇ. ಎದ್ದು ನಿಂತು ಎತ್ತಿದರು. ಅವನು ಸಂಖ್ಯೆ ಇಳಿಸು ಎನ್ನಲೇ ಇಲ್ಲ. ಇನ್ನೊಮ್ಮೆ ಯೋಚಿಸಿ ಎಂದಷ್ಟೇ ಅಂದು, ಕಾದ. ಪೆನ್ಸಿಲ್ ಎತ್ತಿಕೊಂಡದ್ದು ಇವರೇ. ಮುಂದಿನ ಸಭೆಯಾದ ಮರುದಿನ ಎರಡಂಕಿಯ ಸಂಖ್ಯೆ ಪತ್ರಿಕೆಯಲ್ಲಿ ಬಂತು.

‘ನಮ್ಮಪ್ಪ ಆ ಪತ್ರಿಕೆ ಕತ್ತರಿಸಿ ಇಟ್ಟುಕೊಂಡ. ಮಗಳ ಲೆಕ್ಕ ಅಂತ. ಚಳಿಗಾಲದ ಕಲ್ಲಿದ್ದಲು ಈಗಲೇ ತರಿಸಲಾ, ತಡೆಯಲಾ ಅಂತ ಕೇಳಿದ. ನಾನು ಅಪ್ಪನಿಗಾದರೂ ನಿಜ ಹೇಳಬಹುದಿತ್ತು. ಹೇಳಿದರೆ ಸಂಖ್ಯೆ ಬದಲಾಯಿಸಿದ್ದೂ ಹೇಳಬೇಕಲ್ಲ. ತಡಿ ಅಂದೆ.’

ಎರಡೇ ತಿಂಗಳಲ್ಲಿ, ಬೆಲೆ ಏರಿದ ರಭಸಕ್ಕೆ, ಕಲ್ಲಿದ್ದಲು ಕೊಳ್ಳುವ ಮಾತೇ ಉಳಿಯಲಿಲ್ಲ. ಆ ಚಳಿಗಾಲ ಅವರಪ್ಪ ಮೊದಲು ಪುಸ್ತಕದ ಕಪಾಟು ಒಲೆಗೆ ಹಾಕಿದರು, ಆಮೇಲೆ ಮಂಚದ ಕಾಲು, ಆಮೇಲೆ ಒಂದೊಂದೇ ಕುರ್ಚಿ. ಮಗಳು ಬೇಸಿಗೆಯಲ್ಲಿ ಊರಿಗೆ ಹೋದಾಗ ಮನೆಯಲ್ಲಿ ಒಂದೇ ಕುರ್ಚಿ ಇತ್ತು.

‘ಅದರಲ್ಲಿ ನನ್ನನ್ನು ಕೂರಿಸಿದ. ತಾನು ನಿಂತುಕೊಂಡು ಮಾತಾಡಿಸಿದ. ಒಂದು ಪ್ರಶ್ನೆ ಕೇಳಲಿಲ್ಲ. ಸಾಯುವ ತನಕ ಕೇಳಲಿಲ್ಲ.’

ಕಾಲುವೆಯಲ್ಲಿ ಒಂದು ಬಾತುಕೋಳಿ ನಮ್ಮ ಜತೆಜತೆಗೇ ಈಜುತ್ತಿತ್ತು, ಬ್ರೆಡ್ಡು ಸಿಗಬಹುದೆಂದು. ನಾನು ಏನಾದರೂ ತಮಾಷೆ ಮಾಡುತ್ತೇನೆಂದು ನನಗೇ ಭಯವಾಗಿತ್ತು. ಮಾಡಲಿಲ್ಲ. ಗಂಟಲಿನ ವಿಷಯ ಮಾತ್ರ ಹೇಳಿದೆ: ಅಮ್ಮನ ಮಾತ್ರೆ, ಡಚ್ ಕ್ಲಾಸು, ರೂಮ್‌ಮೇಟ್ ಹೇಳಿದ ಬಾಡಿಗೆ ಮನೆ.

ಮೇಡಂ ನಿಂತರು. ‘ಅವನು ಇಷ್ಟು ದಿನ ನನ್ನಲ್ಲಿದ್ದ. ನನ್ನೊಬ್ಬಳಲ್ಲೇ ಅಂತ ತಿಳ್ಕೊಂಡಿದ್ದೆ’ ಅಂದರು. ಸ್ವಲ್ಪ ದೂರ ಹೋದ ಮೇಲೆ, ‘ನಾಲ್ಕನೇ ಅಧ್ಯಾಯ ಬರೆಯದೆ ಬಿಟ್ಟರೆ ಆ ಹುಡುಗರಿಗೆ ನಾನು ಕಲಿಸಿದ್ದೇನು? ಬರೆದರೆ ನಾನು ಯಾರು?’ ಎಂದರು. ನನ್ನನ್ನಲ್ಲ ಕೇಳಿದ್ದು.

ಆರು ಮಂದಿ ಬಂದರು. ಎರಡು ವಾರ ಚೆನ್ನಾಗಿಯೇ ನಡೆಯಿತು. ‘ಮಂತ್ರಿಯ ಕರೆ’ಯ ದಿನ ನಾನು ನನ್ನ ಸ್ವಂತ ದನಿಯಲ್ಲಿ, ಅಂದರೆ ಇರುವುದರಲ್ಲಿ ಸ್ವಂತ ಅನ್ನಬಹುದಾದ ದನಿಯಲ್ಲಿ, ಮಂತ್ರಿಯಾದೆ. ಒಬ್ಬೊಬ್ಬರೂ ಕಾಲ ಮೇಲೆ ಕಾಲು ಹಾಕಿ, ‘ಬರೆದು ಕಳಿಸಿ ಸರ್’ ಎಂದು ಒಪ್ಪಿಸಿದರು. ಐದನೆಯವನು ನಾನು ಬಾಯಿ ಬಿಡುವ ಮೊದಲೇ ಬರೆದು ಕಳಿಸಿ ಅಂದ. ಎಲ್ಲರೂ ನಕ್ಕರು.

ಆರನೆಯವಳು ಮಾತ್ರ ಫೋನಿನ ಹತ್ತಿರವೇ ಹೋಗಲಿಲ್ಲ. ಅಂದಾಜು ವಿಭಾಗದಲ್ಲಿ ಎರಡು ವರ್ಷ ಕೆಲಸ ಮಾಡಿದ್ದ ಹುಡುಗಿ. ಕಾಫಿ ಬಿಡುವಿನಲ್ಲಿ ನನ್ನ ಅನುಕರಣೆಯನ್ನೇ ಅನುಕರಿಸಿ ನನ್ನ ಮಾನ ಕಳೆದಿದ್ದವಳು.

‘ಇದು ಮ್ಯೂಸಿಯಂ ಸಾಮಾನು ಮೇಡಂ’ ಅಂದಳು. ‘ಈಗ ಯಾರೂ ಫೋನು ಮಾಡಲ್ಲ. ನಮ್ಮ ಬಾಸು ಗದರೋದೂ ಇಲ್ಲ. ಅಂದಾಜು ತುಂಬಾ ಚೆನ್ನಾಗಿದೆ, ಇನ್ನೊಂಚೂರು ಖುಷಿಯಾಗಿ ಬರೀಬಹುದಾ ಅಂತ ಮೆಸೇಜ್ ಹಾಕಿ ಒಂದು ನಗುಮುಖ ಕಳಿಸ್ತಾರೆ. ನಗುಮುಖಕ್ಕೆ ನಾನೇನು ಹೇಳಲಿ?’

‘ಹೆಸರು ಹಾಕಿ ನಗಿ ಅನ್ನು’ ಎಂದೆ ನಾನು. ಮತ್ತೆ ನಗು. ಅವಳು ನಗಲಿಲ್ಲ. ಮುಂದಿದ್ದ ಕೈಪಿಡಿಯ ಕರಡು ತಿರುವಿದಳು.

‘ಇದರಲ್ಲಿ ಮೂರಾದ ಮೇಲೆ ಐದು ಬರುತ್ತೆ. ನಾಲ್ಕು ಎಲ್ಲಿ?’

ತಲೆಯೆತ್ತಿ ಮೇಡಂ ಮುಖ ನೋಡಿದಳು.

‘ನೀವೂ ಆ ಕುರ್ಚೀಲಿ ಕೂತಿದ್ರಂತೆ. ಫೋನು ಬಂದಾಗ ನೀವು ಏನಂದ್ರಿ?’

ಮೇಡಂ ಕೂದಲು ಸರಿಮಾಡಿಕೊಂಡರು. ಅವರ ಭಾಷೆಯಲ್ಲಿ ಹೇಳತೊಡಗಿದರು. ನನಗೆ ಪದಗಳು ಗೊತ್ತಾಗಲಿಲ್ಲ. ಆದರೆ ಎಲ್ಲಿ ಫೋನು ಬಂತು, ಎಲ್ಲಿ ಪೆನ್ಸಿಲ್ಲು, ಎಲ್ಲಿ ಕಲ್ಲಿದ್ದಲು, ಎಲ್ಲಿ ಒಂದೇ ಕುರ್ಚಿ ಎಂದು ಆರು ಮುಖಗಳ ಮೇಲೆ ಓದಬಹುದಿತ್ತು. ಬಿಡುವುಗಳೆಲ್ಲ ಅವರದೇ ಆಗಿದ್ದವು, ಇನ್ನೊಬ್ಬರಿಂದ ಬಂದವಲ್ಲ. ಮುಗಿದಾಗ ಕಿಟಕಿಯಾಚೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

ಹುಡುಗಿ, ನನಗೂ ತಿಳಿಯಲೆಂದೋ ಏನೋ, ಇಂಗ್ಲಿಷಿನಲ್ಲಿ ಕೇಳಿದಳು: ‘ಇವತ್ತು ಬಂದ್ರೆ ಏನಂತೀರಿ?’

ಮೇಡಂ ಎದ್ದು ಹೋಗಿ ಅಭ್ಯಾಸದ ಕುರ್ಚಿಯಲ್ಲಿ ಕೂತರು. ಹಾಳೆ ಎಳೆದುಕೊಂಡು ಅದರ ಮೇಲೆ ಮೂರಂಕಿಯ ಒಂದು ಸಂಖ್ಯೆ ಬರೆದರು. ಯಾವುದೆಂದು ನನಗೆ ನೋಡದೆಯೂ ಗೊತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿದರು.

‘ಪಕ್ಕದ ಕೋಣೆಗ್ಹೋಗು. ಅವನನ್ನ ಕರ್ಕೊಂಡು ಬಾ.’

‘ಮೇಡಂ, ನಾನು ಇನ್ನು ಮಾಡಲ್ಲ ಅಂತ...’

‘ಹೋಗು.’

ಹೋದೆ. ಜೀವನದಲ್ಲಿ ಮೊದಲ ಬಾರಿಗೆ ಅನುಕರಣೆ ಬರದೇ ಹೋಗಲಿ ಎಂದು ಬೇಡಿಕೊಂಡೆ. ರೈಲು ತಡವೆನ್ನುವ ಹೆಂಗಸೋ, ಹೆಡ್‌ಮಾಸ್ತರರ ಮೂಗೋ, ಯಾರಾದರೂ ಬರಲಿ ಎಂದು. ಫೋನೆತ್ತಿ ಗುಂಡಿ ಒತ್ತಿದೆ. ಆಚೆ ಗಂಟೆ ಹೊಡೆಯಿತು.

ಗಾಜಿನಾಚೆ ಕುರ್ಚಿಗಳು ಸರಿದವು. ಆರರಲ್ಲಿ ನಾಲ್ವರು ಎದ್ದು ನಿಂತಿದ್ದರು. ಆ ದನಿಯನ್ನು ಎಂದೂ ಕೇಳದವರು. ಅವನು ಸಾಯುವಾಗ ಇನ್ನೂ ಶಾಲೆಗೆ ಹೋಗುತ್ತಿದ್ದವರು. ಈಗ ತಾನೇ ಕಾಲ ಮೇಲೆ ಕಾಲು ಹಾಕಿಕೊಂಡು ನಕ್ಕವರು. ತಾವು ನಿಂತಿದ್ದೇವೆಂದು ಅವರಿಗೆ ಗೊತ್ತಾದದ್ದು ಆಮೇಲೆ, ಒಬ್ಬರನ್ನೊಬ್ಬರು ನೋಡಿಕೊಂಡಾಗ. ಮೇಡಂ ಕೂಡ ಅರ್ಧ ಎದ್ದಿದ್ದರು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಮೇಜಿನ ಅಂಚಿನಲ್ಲಿ.

ನಾನು ಕರೆಯಲಿಲ್ಲ. ಅವನೇ ಬಂದ. ಎರಡು ಕೆಮ್ಮು. ಉಸಿರು. ‘ನಿಮ್ಮ ಕಾಗದ ನೋಡಿದೆ. ಇನ್ನೊಮ್ಮೆ ಯೋಚಿಸಿ.’

ಮೌನ ಶುರುವಾಯಿತು. ಅದು ಎಷ್ಟು ಹೊತ್ತೆಂದು ಹೇಳಲಾರೆ. ಮೇಡಂ ಪೆನ್ಸಿಲ್ ಕಡೆ ನೋಡಿದರು. ಅದನ್ನು ಎರಡು ಬೆರಳಲ್ಲಿ ಮೇಜಿನ ಆಚೆ ತುದಿಗೆ ಸರಿಸಿದರು. ಆಮೇಲೆ, ಮೊಣಕಾಲಿಗೆ ಹೇಳಿಕೊಡುವವರ ಹಾಗೆ ನಿಧಾನವಾಗಿ, ಕುರ್ಚಿಯಲ್ಲಿ ಪೂರ್ತಿ ಕೂತರು, ಬೆನ್ನು ಒರಗಿಸಿದರು, ನನಗೆ ಅರ್ಥವಾಗುವ ಭಾಷೆಯಲ್ಲೇ ಹೇಳಿದರು:

‘ಯೋಚಿಸಿದೆ ಸಾಹೇಬರೇ, ಮೂವತ್ತು ವರ್ಷ ಯೋಚಿಸಿದೆ, ನನ್ನ ಸಂಖ್ಯೆ ಅದೇ. ಬೇರೆ ಬೇಕಿದ್ದರೆ ಬರೆದು, ಹೆಸರು ಹಾಕಿ ಕಳಿಸಿ. ಇನ್ನು ಆ ಹುಡುಗನ ಗಂಟಲು ಬಿಟ್ಟು ಹೊರಡಿ.’